ಹಾಲಿನಲ್ಲಿ ನೆನೆಸಿದ ಮಂಡಕ್ಕಿ

“ಮೊಟ್ಟೆ ಎಲ್ಲಿಗೆ ಹೋದ್ವೋ ಬೋರಣ್ಣ? ನೂರೈವತ್ತು ಮೊಟ್ಟೆ! ಮರಿಗಳ ಹೊಟ್ಟಿಗೆ ಹೋದ್ವೋ, ನಿನ್ನ ಹೊಟ್ಟಿಗೆ ಹೋದ್ವೋ? ಅಷ್ಟು ಹೇಳು, ಸಾಕು.”

ಶಬ್ಬೀರನ ದನಿ ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂತು. ಅವನಿಗೆ ಉತ್ತರ ಕೊಟ್ಟಂತೆ ಜಾಲರಿಯೊಳಗಿದ್ದ ಟರ್ಕಿ ಕೋಳಿ ಗಂಡುಗಳೆಲ್ಲ ಒಟ್ಟಿಗೇ ಗುಳುಗುಳು ಎಂದು ಕೂಗಿದವು.

“ನೀವು ಮುಚ್ಕೊಂಡಿರ್ರಲೇ!” ಎಂದು ಅವುಗಳಿಗೂ ಬೈದ.

ತೊಲೆಗೆ ತೂಗುಹಾಕಿದ್ದ ತಕ್ಕಡಿಯ ಕೊಕ್ಕೆಯಲ್ಲಿ ಒಂದು ಗೋಣಿಚೀಲ ನೇತಾಡುತ್ತಿತ್ತು. ಚೀಲದ ತೂತಿನಿಂದ ಕತ್ತು ಹೊರಗೆ ಹಾಕಿ ಒಂದು ಗಂಡು ಟರ್ಕಿ ಎಲ್ಲರ ಮುಖವನ್ನೂ ನೋಡುತ್ತಿತ್ತು. ಮುಳ್ಳು ನಾಲ್ಕೂವರೆಯಲ್ಲಿ ನಿಂತಿತ್ತು. ಹದಿನಾರು ವಾರ ತುಂಬಿದ ಗಂಡು ಏಳು ಕಿಲೋ ತೂಗಬೇಕು. ಬೆಳಿಗ್ಗೆಯಿಂದ ಇಪ್ಪತ್ತು ಹಕ್ಕಿ ತೂಗಿದ್ದರು. ಐದು ಕಿಲೋ ದಾಟಿದ್ದು ಒಂದೂ ಇರಲಿಲ್ಲ. ಮೂರಕ್ಕೆ ಕಾಲು ಸೊಟ್ಟಗಾಗಿದ್ದವು.

“ನಾನು ಕದ್ದಿಲ್ಲ,” ಎಂದ ಶೆಡ್ಡಿನ ಆಳು ಬೋರಣ್ಣ.

“ಕದ್ದಿಲ್ಲ? ಮತ್ತೆ ನಿನ್ನ ಹಿತ್ತಿಲಾಗೆ ಬಿದ್ದಿರೋ ಟ್ರೇ ಯಾರಪ್ಪಂದು? ಅದರ ಮ್ಯಾಲೆ ನನ್ನ ಅಂಗಡಿ ನೀಲಿ ಸೀಲು ಐತೆ. ಐದು ಟ್ರೇ. ಅದರಾಗೆ ಮೆಣಸಿನ ಸಸಿ ಬೇರೆ ಹಾಕೀಯ! ನಿನ್ನೆ ನಿನ್ನ ಕರಿಯಾಕೆ ಬಂದಾಗ ಕಣ್ಣಾರೆ ನೋಡೀನಿ ನಾನು. ಆ ಬೀದಿಯಾಗೆ ಕೇಳಿದ್ರೆ, ಶ್ರಾವಣದಾಗೆ ಬೋರಣ್ಣನ ಮನಿಯಿಂದ ದಿನಾ ಮೊಟ್ಟೆ ಸಾರಿನ ವಾಸನೆ ಬರ್ತಿತ್ತು ಅಂತಾರೆ.”

ಬೋರಣ್ಣ ಅವನ ಕಡೆ ನೋಡಲೇ ಇಲ್ಲ. ತೂಕ ಬರೆಯುವ ಹಾಳೆ ಹಿಡಿದು ನಿಂತಿದ್ದ ಶೆಡ್ಡಿನ ಒಡತಿ ಮರುಳಸಿದ್ದಮ್ಮನ ಕಡೆ ನೋಡಿದ. ಬೇಡುವ ನೋಟವೇನಲ್ಲ ಅದು. ಇನ್ನು ನೀವು ಹೇಳ್ರಿ ಎಂದು ಮಾತನ್ನು ಅವಳ ಕೈಗೆ ಕೊಟ್ಟಂತಿತ್ತು.

ಮರುಳಸಿದ್ದಮ್ಮ ಹಾಳೆ ಮಡಚಿದಳು.

“ಆಗಿದ್ದು ಆಗಿ ಹೋತು, ಬಿಡ್ರಿ ಶಬ್ಬೀರ್. ಈಗ ಅದನ್ನ ಕೆದಕಿದ್ರೆ ಏನು ಬರ್ತೈತೆ?”

ಅಷ್ಟೇ ಅವಳು ಅಂದದ್ದು. ಅಷ್ಟು ಸಾಕಾಯಿತು. ಅದುವರೆಗೆ ಬರೀ ಶಬ್ಬೀರನ ಅನುಮಾನವಾಗಿದ್ದದ್ದು ಆ ಮಾತಿನಿಂದ ನಿಜವಾಗಿಬಿಟ್ಟಿತು. ಬೋರಣ್ಣನ ಮುಖ ಒಂದಿಷ್ಟೂ ಬದಲಾಗಲಿಲ್ಲ. ಅವನು ಚೀಲದ ಬಾಯಿ ಬಿಚ್ಚಿ, ಹಕ್ಕಿಯ ಎರಡೂ ರೆಕ್ಕೆ ಸೇರಿಸಿ ಹಿಡಿದು ಮೆಲ್ಲಗೆ ಜಾಲರಿಯೊಳಗೆ ಬಿಟ್ಟ. ಆಮೇಲೆ ಸೊಪ್ಪು ಕೊಯ್ಯಲು ಹೋದ.

ಮೊಟ್ಟೆ ಕೊಟ್ಟವಳು ಮರುಳಸಿದ್ದಮ್ಮನೇ.

ದಾವಣಗೆರೆಯ ಸರಸ್ವತಿ ನಗರದಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಇದ್ದದ್ದನ್ನು ಮುಖದ ಮೇಲೇ ಹೇಳುತ್ತಿದ್ದಳು. ಮದುವೆ ಊಟದಲ್ಲಿ ಕೋಸಂಬರಿ ಹಳಸಿದ್ದರೆ ಬೀಗರ ಎದುರಿಗೇ ಹಳಸಿದೆ ಎನ್ನುತ್ತಿದ್ದಳು. ಕರೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಯಂತ್ರಗಳ ಬಿಡಿಭಾಗ ಮಾಡಿಸುವ ಗಂಡ ಕೊಟ್ಟೂರಪ್ಪ, ಅವಳ ಜೊತೆ ವಾದಕ್ಕಿಳಿಯುವ ಮೊದಲು ಚಹಾ ಕುಡಿದು ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ಹರಿಹರದ ಆಚೆ, ಉಕ್ಕಡಗಾತ್ರಿಗೆ ಹೋಗುವ ಬಸ್ಸಿನ ದಾರಿಯಲ್ಲಿ ತವರಿನಿಂದ ಬಂದ ಅವಳ ಎರಡೆಕರೆ ಖಾಲಿ ಬಿದ್ದಿತ್ತು. ಅಲ್ಲಿ ಟರ್ಕಿ ಸಾಕುತ್ತೇನೆ ಎಂದಾಗ ಕೊಟ್ಟೂರಪ್ಪ ನಕ್ಕಿದ್ದ.

“ಕತ್ತಿಗೆ ಕೊಡೋ ಹಕ್ಕಿ ಸಾಕ್ತೀಯಾ? ಅದೂ ನೀನು?”

“ನಾನು ಸಾಕೋದು ಅಷ್ಟೇ. ಕೊಯ್ಯೋರು ಕೊಯ್ಕೊಳ್ಳಲಿ, ತಿನ್ನೋರು ತಿನ್ಕೊಳ್ಳಲಿ. ನಿಮ್ಮ ಕಾರ್ಖಾನಿ ಚಾಕು ಮಾಡೋರಿಗೆ ಸಾಮಾನು ಕೊಡಲ್ಲೇನು?”

ಕೊಟ್ಟೂರಪ್ಪ ಚಹಾ ಮುಗಿಸಿ ಎದ್ದುಹೋಗಿದ್ದ.

ಶಬ್ಬೀರ್ ದಾವಣಗೆರೆಯ ಕೋಳಿ, ಮೊಟ್ಟೆ ವ್ಯಾಪಾರಿ. ಮರಿ ಅವನದು, ಜಾಗ ಮತ್ತು ಆರೈಕೆ ಅವಳದು, ಬಂದದ್ದರಲ್ಲಿ ಸಮಪಾಲು ಎಂದು ಮಾತಾಗಿತ್ತು. ಶ್ರಾವಣದ ಎರಡನೇ ವಾರ ನೂರು ಮರಿ ತಂದು ಇಳಿಸುವಾಗ ಅವನು ಒಂದು ಮಾತನ್ನು ಮೂರು ಸಲ ಹೇಳಿದ್ದ.

“ಅಕ್ಕಾರೆ, ಇದು ಕೋಳಿಮರಿ ಅಲ್ರಿ. ಕೋಳಿಮರಿ ಹುಟ್ಟಿದ ದಿನಾನೇ ಕೆದರಿ ತಿನ್ನತೈತೆ. ಇದು ಪೆದ್ದ ಜಾತಿ. ಎದುರಿಗೆ ಕಾಳಿದ್ರೂ ತಿನ್ನಾಕೆ ತಿಳಿಯದೆ ಹಸ್ಕೊಂಡು ಸಾಯ್ತೈತೆ. ಮೊದಲ ಹದಿನೈದು ದಿನ ಹತ್ತು ಮರಿಗೆ ದಿನಕ್ಕೊಂದು ಮೊಟ್ಟೆ ಬೇಯಿಸಿ, ಕಿವುಚಿ ಹಾಕಬೇಕು. ಆಗ ಕಟ್ಟಿದ ಮೈನೇ ಕೊನಿತನಕ. ಆಮ್ಯಾಲೆ ನೀವು ಬೆಣ್ಣಿ ತಿನ್ನಿಸಿದ್ರೂ ಏಳಲ್ಲ.” ಆಮೇಲೆ ದನಿ ತಗ್ಗಿಸಿ, “ನಿಮ್ಮ ಕೈಲಿ ಆಗ್ತದಾ? ಬ್ಯಾಡ ಅಂದ್ರೆ ಬೋರಣ್ಣಗೆ ಹೇಳ್ತೀನಿ,” ಎಂದಿದ್ದ.

ಆ ಕೊನೆಯ ಮಾತು ಅವಳಿಗೆ ಚುಚ್ಚಿತ್ತು.

“ಯಾಕ ಆಗಲ್ಲ? ಹೊಲಸು ಗೊಬ್ಬರ ಬಾಚಾಕೆ ಬಂದೋಳು ಮೊಟ್ಟಿಗೆ ಹೆದರ್ತೀನಾ? ಮೊದಲ ಹದಿನೈದು ದಿನದ ಮೇವು ನಂದು. ಯಾರೂ ಕೈ ಹಾಕಂಗಿಲ್ಲ.”

ಮರುದಿನ ಬೆಳಿಗ್ಗೆ ಶೆಡ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ ಒಲೆ ಹಚ್ಚಿ, ಪಾತ್ರೆಯಲ್ಲಿ ನೀರಿಟ್ಟು, ಸೌಟಿನಿಂದ ಒಂದೊಂದೇ ಮೊಟ್ಟೆ ಇಳಿಬಿಟ್ಟಳು. ಒಂದು ಒಡೆದಿತ್ತು. ನೀರು ಕುದಿದಂತೆ ಬಿಳಿ ನೊರೆ ಎದ್ದು ಅದರ ವಾಸನೆ ಕೋಣೆ ತುಂಬಿತು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತಳು. ಸ್ವಲ್ಪ ಹೊತ್ತಿಗೆ ಒಲೆ ಆರಿಸಿ ಹೊರಗೆ ಓಡಿದಳು. ವಾಂತಿಯಾಯಿತು. ಬಾವಿಕಟ್ಟೆಯ ಮೇಲೆ ಕೂತು ತನ್ನ ಎಡ ಅಂಗೈ ನೋಡಿಕೊಂಡಳು. ಎರಡು ತಾಸಿನ ಹಿಂದೆ ಅದೇ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮಾಡಿ ಬಂದಿದ್ದಳು. ಅದೂ ಶ್ರಾವಣ. ಆ ಕೈಯಲ್ಲಿ ಇದನ್ನು ಕಿವುಚುವುದು ಅವಳಿಂದ ಸಾಧ್ಯವಿರಲಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಆಗುವುದಿಲ್ಲ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು.

ಬೋರಣ್ಣ ಹೇಳಿಯೂ ಇದ್ದ. “ಅಮ್ಮಾರೆ, ನಾನು ಹೊರಗೆ ಮೂರು ಕಲ್ಲು ಇಟ್ಟು ಬೇಯಿಸ್ತೀನಿ. ನಿಮ್ಮ ಪಾತ್ರಿ ಬ್ಯಾಡ, ನಮ್ಮನಿದು ತರ್ತೀನಿ.”

“ಬ್ಯಾಡ. ನಾನು ಬೇರೆ ಏನೋ ಮಾಡ್ತೀನಿ. ಇವನ್ನ ನಿಮ್ಮನಿಗೆ ಒಯ್ಯಿ, ಮಕ್ಕಳು ಮೊಮ್ಮಕ್ಕಳು ತಿನ್ನಲಿ.”

“ಶಬ್ಬೀರಣ್ಣ ಕೇಳಿದ್ರೆ?”

“ನಾನು ಹೇಳ್ತಿದೀನಲ್ಲ, ಒಯ್ಯಿ.”

ಬೇರೆ ಏನೋ ಎಂದರೆ ಮಂಡಕ್ಕಿ. ದಾವಣಗೆರೆಯಲ್ಲಿ ಹುಟ್ಟಿದವರಿಗೆ ಮಂಡಕ್ಕಿ ಹೊಳೆಯದೆ ಇನ್ನೇನು ಹೊಳೆಯುತ್ತದೆ? ಹಲ್ಲಿಲ್ಲದ ಮುದುಕರಿಗೆ, ಜ್ವರ ಬಂದವರಿಗೆ, ಅನ್ನ ಶುರು ಮಾಡಿದ ಕೂಸಿಗೆ ಹಾಲಿನಲ್ಲಿ ನೆನೆಸಿದ ಮಂಡಕ್ಕಿ ತಿನ್ನಿಸುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಭಟ್ಟಿಯಿಂದ ಆಗಷ್ಟೇ ತಂದ ಮಂಡಕ್ಕಿಯನ್ನು ಹಾಲಿಗೆ ಹಾಕಿ, ಮೆತ್ತಗಾದ ಮೇಲೆ ತಟ್ಟೆಗೆ ಸುರಿದಳು. ಬೋರಣ್ಣ ಕುಕ್ಕರಗಾಲಲ್ಲಿ ಕೂತು ತಟ್ಟೆಯ ಅಂಚನ್ನು ಬೆರಳಿನಿಂದ ಟಕಟಕ ಬಡಿದ. ಬಿಳಿ ಕಂಡು, ಸದ್ದು ಕೇಳಿ ಮರಿಗಳು ಮುತ್ತಿಕೊಂಡವು. ಅರ್ಧ ತಾಸಿನಲ್ಲಿ ಕೊರಳ ಚೀಲ ಉಬ್ಬಿ ಕಾವು ಕೊಡುವ ದೀಪದ ಕೆಳಗೆ ಗುಂಪಾಗಿ ಮಲಗಿದವು. ಆ ಉಬ್ಬಿದ ಕೊರಳು ನೋಡಿ ಅವಳಿಗೆ ಎದೆ ತುಂಬಿ ಬಂದಿತ್ತು. ಮೊಟ್ಟೆಯಂತೆ ಮೊಟ್ಟೆ, ಎಂದುಕೊಂಡಿದ್ದಳು.

ದಿನಕ್ಕೆ ಹತ್ತು ಮೊಟ್ಟೆ ಬೋರಣ್ಣನ ಮನೆಗೆ ಹೋದವು. ಎರಡನೇ ವಾರದ ಕೊನೆಗೆ ಹದಿನೆಂಟು ಮರಿ ಸತ್ತವು. “ಅಮ್ಮಾರೆ, ತಿಂತಾವೆ, ಆದರೆ ರೆಕ್ಕಿ ಗರಿ ಏಳವಲ್ಲವು,” ಎಂದು ಅವನು ಒಮ್ಮೆ ಅಂದ. ಹೊಸದರಲ್ಲಿ ಸಾಯುವುದು ಸಹಜ ಎಂದು ಅವಳು ಬಾಯಿ ಮುಚ್ಚಿಸಿದಳು. ಅವನು ಶೆಡ್ಡಿನ ಹಿಂದೆ ಗುಂಡಿ ತೋಡಿ ಹೂತ.

ತೂಕದ ದಿನ ಶಬ್ಬೀರ್ ಕೂಗಾಡುವಾಗ ಇದಿಷ್ಟೂ ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಶಬ್ಬೀರ್ ಏನನ್ನುತ್ತಿದ್ದ? ನಾನು ಮೊದಲೇ ಕೇಳಿದ್ದೆನಲ್ಲ ಎನ್ನುತ್ತಿದ್ದ. ಆ ಒಂದು ಮಾತು ಕೇಳಲು ಮನಸ್ಸಾಗದೆ ಅರವತ್ತು ದಾಟಿದವನ ಹೆಸರನ್ನು ಅವಳು ಕೆಸರಿಗೆ ಬಿಟ್ಟಿದ್ದಳು.

ಮಾರನೆಯ ದಿನ ಬೋರಣ್ಣ ಎಂದಿನಂತೆ ಏಳಕ್ಕೆ ಬಂದ. ಕುದುರೆಮೆಂತೆ ಸೊಪ್ಪು ಹೆಚ್ಚಿ ಹಾಕಿದ, ನೀರಿನ ಬೋಗುಣಿ ಉಜ್ಜಿದ, ಕಾಲು ಸೊಟ್ಟಗಾದವನ್ನು ಬೇರೆ ಮಾಡಿ ಮೆತ್ತನೆಯ ಭತ್ತದ ಹೊಟ್ಟಿನ ಮೇಲೆ ಬಿಟ್ಟ. ಅವಳು ಚಹಾ ಕೊಟ್ಟಾಗ ಅಲ್ಲಿಡ್ರಿ ಎಂದ. ಚಹಾ ಅಲ್ಲೇ ಆರಿ ಕೆನೆಗಟ್ಟಿತು. ಎರಡನೆಯ ದಿನವೂ ಅಷ್ಟೇ. ಅವನು ಜಗಳವಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಜಗಳ ಅವಳಿಗೆ ಗೊತ್ತಿತ್ತು.

ನಾಲ್ಕನೆಯ ದಿನ ಅವಳು ಹರಿಹರದಲ್ಲಿ ದಿಲ್ಷಾದ್ ಬೇಗಂ ಮನೆಗೆ ಹೋದಳು. ದಿಲ್ಷಾದ್ ಶಬ್ಬೀರನ ಅಕ್ಕ, ರವಿಕೆ ಹೊಲಿಯುವವಳು. ಅದೇ ಮರಿಗಳ ಜೊತೆ ಬಂದಿದ್ದ ನಲವತ್ತನ್ನು ಶಬ್ಬೀರ್ ಅವಳ ಹಿತ್ತಿಲಿಗೆ ಬಿಟ್ಟಿದ್ದ.

ಹಿತ್ತಿಲ ಬಾಗಿಲು ತೆಗೆದ ಕೂಡಲೇ ಮರುಳಸಿದ್ದಮ್ಮ ನಿಂತುಬಿಟ್ಟಳು. ಒಂದು ಗಂಡು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿಕೊಂಡು, ಎದೆ ಮುಂದೆ ಮಾಡಿ, ಮದುವೆ ಗಂಡಿನ ಹಾಗೆ ನಡೆದು ಬಂತು. ಗರಿ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ತನ್ನ ಶೆಡ್ಡಿನ ಹಕ್ಕಿಗಳು ಇದರ ಪಕ್ಕ ನಿಂತರೆ ಬೇರೆ ಜಾತಿ ಎನ್ನಬೇಕು.

“ಎತ್ತಿ ನೋಡ್ರಿ, ಏನೂ ಮಾಡಲ್ಲ,” ಎಂದಳು ದಿಲ್ಷಾದ್.

ಮರುಳಸಿದ್ದಮ್ಮ ಎತ್ತಿದಳು. ಸೊಂಟ ಹಿಡಿಯಿತು. ಇಳಿಸಿದಳು.

“ಏಳೂಕಾಲು ಕಿಲೋ. ಶಬ್ಬೀರ್ ಮೊನ್ನೆ ತೂಗಿದ. ಮಾಡಿದ್ದೇನಿಲ್ಲ ಅಕ್ಕಾ, ಮೊದಲ ಹದಿನೈದು ದಿನ ಇವುಗಳ ತಾಯಿ ಆದೆ ಅಷ್ಟೇ. ಮೊಟ್ಟೆ ಕಿವುಚೋದು, ಮ್ಯಾಲೆ ಈರುಳ್ಳಿ ಸೊಪ್ಪು ಸಣ್ಣಕ ಹೆಚ್ಚಿ ಉದುರಿಸೋದು. ಹಸಿರು ಕಂಡ್ರೆ ಬರ್ತಾವೆ. ತಿನ್ನದೇ ಇರೋದನ್ನ ಹಿಡಿದು ಬಾಯಿ ತೆಗೆದು ಹಾಕ್ತಿದ್ದೆ. ನನ್ನ ಮಿಷಿನ್ನು ಹದಿನೈದು ದಿನ ಬಂದ್. ಗಿರಾಕಿಗಳೆಲ್ಲ ಬೈದ್ರು, ‘ಏನ್ ದಿಲ್ಷಾದಕ್ಕ, ಕೋಳಿಗೆ ರವಿಕೆ ಹೊಲಿತಿದೀಯಾ’ ಅಂತ.”

ಮರುಳಸಿದ್ದಮ್ಮ ನಗಲಿಲ್ಲ. ಕಲ್ಲಿನ ಮೇಲೆ ಕೂತಳು.

“ಮೊಟ್ಟೆ ಬದ್ಲಿ ಮಂಡಕ್ಕಿ ಹಾಕಿದ್ರೆ ಏನಾಗ್ತಿತ್ತು? ಹಾಲಿನಾಗೆ ನೆನೆಸಿ.”

ದಿಲ್ಷಾದ್ ಅವಳನ್ನು ನೋಡಿದಳು. ಸ್ವಲ್ಪ ಜಾಸ್ತಿ ಹೊತ್ತೇ ನೋಡಿದಳು.

“ಹೊಟ್ಟೆ ತುಂಬ್ತಿತ್ತು. ಮೈ ಎಲ್ಲಿಂದ ಬರಬೇಕು? ಮಂಡಕ್ಕಿ ಅಂದ್ರೆ ಮುಕ್ಕಾಲು ಗಾಳಿ ಅಲ್ಲೇನ್ರಿ. ಹೊಟ್ಟೆ ತುಂಬಿದ ಮರಿ ಬೇರೆ ಏನೂ ಮುಟ್ಟಲ್ಲ. ಚೀಲದಾಗಿನ ಮೇವೂ ಬ್ಯಾಡ ಅಂತೈತೆ.”

ಅದು ನಿಜವಾಗಿತ್ತು. ಶಬ್ಬೀರ್ ಕಳಿಸಿದ್ದ ಮರಿ ಮೇವಿನ ಚೀಲ ಆ ಹದಿನೈದು ದಿನ ಅರ್ಧವೂ ಖಾಲಿಯಾಗಿರಲಿಲ್ಲ. ಮೇವು ಉಳಿಯಿತು ಎಂದು ಅವಳು ಖುಷಿಪಟ್ಟಿದ್ದಳು. ಮರಿಗಳು ಅವಳ ಕಣ್ಣೆದುರಿಗೇ, ಹೊಟ್ಟೆ ಬಿರಿಯುವಷ್ಟು ತಿಂದು, ಉಪವಾಸ ಬಿದ್ದಿದ್ದವು.

ದಿಲ್ಷಾದ್ ಒಳಗಿನಿಂದ ನೀರು ತಂದು ಕೊಟ್ಟಳು. ಲೋಟ ವಾಪಸು ತೆಗೆದುಕೊಳ್ಳುತ್ತ ಬೇರೆ ಯಾವುದೋ ಮಾತೆಂಬಂತೆ ಹೇಳಿದಳು:

“ಬೋರಣ್ಣನ ಹೆಂಡ್ತಿ ಭೀಮವ್ವ ನನ್ನ ಹತ್ರಾನೇ ರವಿಕೆ ಹೊಲಿಸೋದು. ಒಂದು ಹೊಲಿದು ಇಟ್ಟೀನಿ. ಬಂದು ತಗೊಂಡೇ ಹೋಗಿಲ್ಲ. ಮೂರು ದಿನದಿಂದ ಈ ಬೀದಿ ಬಿಟ್ಟು ಹಿಂದಿನ ಬೀದಿ ಸುತ್ಕೊಂಡು ಸಂತಿಗೆ ಹೋಗ್ತಾಳೆ. ನನ್ನ ತಮ್ಮನ ಬಾಯಿ ದೊಡ್ಡದು ಅಕ್ಕಾ, ಇಡೀ ಹರಿಹರಕ್ಕೆ ಕೇಳಿಸೈತೆ.”

“ನಿನ್ನ ತಮ್ಮಂದು ತಪ್ಪಿಲ್ಲ,” ಎಂದಳು ಮರುಳಸಿದ್ದಮ್ಮ.

“ನಾನು ತಪ್ಪು ಯಾರ್ದು ಅಂತ ಕೇಳಲಿಲ್ಲ.”

ಆ ರಾತ್ರಿ ಊಟದ ಹೊತ್ತಿಗೆ ಅವಳು ಕೊಟ್ಟೂರಪ್ಪನಿಗೆ ಎಲ್ಲ ಹೇಳಿದಳು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ.

“ಮೊಟ್ಟೆ ಮುಟ್ಟಲಿಲ್ಲ ಅಂದಿದ್ದಕ್ಕೆ ನಾನು ಏನೂ ಅನ್ನಲ್ಲ. ನನ್ನ ಕೈಲೂ ಆಗ್ತಿರಲಿಲ್ಲ. ಆದರೆ ನೀನು ಬಾಯಿ ಮುಚ್ಕೊಂಡು ನಿಂತಿದ್ದು ನಾನು ಮದುವೆಯಾದಾಗಿಂದ ಕೇಳಿದ್ದು ಇದೇ ಮೊದಲು ಕಣೇ.”

ಮರುದಿನ ಶಬ್ಬೀರನಿಗೆ ಫೋನ್ ಮಾಡಿ ಶೆಡ್ಡಿಗೆ ಕರೆಸಿದಳು. ಬೋರಣ್ಣ ನೀರು ತುಂಬುತ್ತಿದ್ದ. ಅವನನ್ನೂ ಕರೆದಳು. ಕೊಡ ಹಿಡಿದೇ ಬಂದು ನಿಂತ.

“ಕೂಡ್ರಿ ಶಬ್ಬೀರ್. ಮೊಟ್ಟೆ ಬೋರಣ್ಣ ಕದೀಲಿಲ್ಲ. ನಾನೇ ಕೊಟ್ಟೆ. ಹದಿನೈದು ದಿನ, ದಿನಕ್ಕೆ ಹತ್ತರಂಗೆ, ಈ ಕೈಯಿಂದ ಎತ್ತಿ ಕೊಟ್ಟೆ. ಒಯ್ಯಿ ಅಂತ ನಾನೇ ಬಲವಂತ ಮಾಡ್ದೆ. ಮರಿಗಳಿಗೆ ಒಂದೂ ಹಾಕಲಿಲ್ಲ.”

“ಮತ್ತೇನು ಹಾಕಿದ್ರಿ?”

“ಮಂಡಕ್ಕಿ.”

ಶಬ್ಬೀರ್ ಮೇವಿನ ಚೀಲದ ಮೇಲೆ ಕುಸಿದು ಕೂತ.

“ಮಂಡಕ್ಕಿ?”

“ಹಾಲಿನಾಗೆ ನೆನೆಸಿ.”

“ಜೊತಿಗೆ ಎರಡು ಮೆಣಸಿನಕಾಯಿ ಬಜ್ಜಿ ಕೊಡಲಿಲ್ಲೇನ್ರಿ ಅವಕ್ಕೆ?” ಎಂದು ಕೂಗಿದ. ತಗಡು ಮತ್ತೆ ಸದ್ದು ಮಾಡಿತು. “ಅಕ್ಕಾರೆ, ನಾನು ಮೂರು ಸಲ ಹೇಳಿದ್ದೆ! ಆಗಲ್ಲ ಅಂದ್ರೆ ಹೇಳ್ರಿ ಅಂತ ಕೈ ಮುಗಿಯೋದೊಂದು ಬಾಕಿ ಇತ್ತು! ನಿಮ್ಮ ಶಾಸ್ತ್ರ ನಿಮಗಿರಲಿ, ಯಾರು ಬ್ಯಾಡ ಅಂದ್ರು? ನಾನೇನು ನಿಮ್ಮ ಅಡಿಗಿಮನಿಯಾಗೇ ಬೇಯಿಸ್ರಿ ಅಂದ್ನೇ?”

“ಬೈರಿ. ಬೈಸ್ಕೊಳ್ಳಾಕೆ ಕರೆಸೀನಿ.”

ಅವನು ಇನ್ನಷ್ಟು ಬೈದ. ನಡುವೆ ಏನೋ ನೆನಪಾಗಿ ಒಮ್ಮೆಗೇ ನಿಂತ. ಚೀಲದಿಂದ ಎದ್ದು ಬೋರಣ್ಣನ ಮುಂದೆ ಬಂದು ಎರಡೂ ಕೈ ಹಿಡಿದುಕೊಂಡ. ಕೊಡ ಅವರಿಬ್ಬರ ನಡುವೆ ಸಿಕ್ಕಿಕೊಂಡು ನೀರು ಚೆಲ್ಲಿತು.

“ಯಜಮಾನ, ತಪ್ಪಾತು. ನಾನು ಹತ್ತು ಜನರ ಎದುರಿಗೆ ನಾಲಿಗಿ ಬಿಟ್ಟೆ. ಇವತ್ತೇ ನಿಮ್ಮ ಬೀದಿಗೆ ಬಂದು, ಹತ್ತು ಜನರ ಎದುರಿಗೇ ತಪ್ಪಾತು ಅಂತೀನಿ.”

“ನಿಂದೇನೈತಪ್ಪ,” ಎಂದ ಬೋರಣ್ಣ. “ಟ್ರೇ ಕಂಡಿ, ಕದ್ದ ಅಂದಿ. ನಾನಾಗಿದ್ರೂ ಅದನ್ನೇ ಅಂತಿದ್ದೆ.”

ಕೈ ಬಿಡಿಸಿಕೊಂಡು ಕೊಡದ ನೀರನ್ನು ಬೋಗುಣಿಗೆ ಸುರಿದ. ಬಾಕಿ ಉಳಿದಿದ್ದ ಎರಡು ಬೋಗುಣಿಗೂ ಬಾವಿಯಿಂದ ತಂದು ತುಂಬಿದ. ಕೊಡ ಬೋರಲು ಹಾಕಿ, ಗೂಟದ ಮೇಲಿದ್ದ ಅಂಗಿ ತೆಗೆದು ಹಾಕಿಕೊಂಡ, ಬುತ್ತಿಯ ಡಬ್ಬಿ ಎತ್ತಿಕೊಂಡ. ಇನ್ನೂ ಹತ್ತು ಗಂಟೆಯಾಗಿರಲಿಲ್ಲ.

“ಎಲ್ಲಿಗೆ ಬೋರಣ್ಣ?” ಎಂದಳು ಮರುಳಸಿದ್ದಮ್ಮ.

“ಮನಿಗೆ.”

“ಮಧ್ಯಾಹ್ನ ಬರ್ತೀಯಲ್ಲ?”

ಅವನು ಗೇಟಿನವರೆಗೆ ಹೋದ. ಅವಳು ಹಿಂದೆಯೇ ಓಡಿದಳು.

“ನೋಡು, ನಾನು ನಿಮ್ಮನಿಗೆ ಬಂದು ಭೀಮವ್ವನ ಎದುರಿಗೆ ಹೇಳ್ತೀನಿ. ಊರಿಗೆಲ್ಲ ಹೇಳ್ತೀನಿ.”

“ಹೇಳ್ರಿ. ಹೇಳಬೇಕು.”

“ಮತ್ಯಾಕ ಹೋಗ್ತೀಯ? ನಿಜ ಹೇಳಿದೆನಲ್ಲೋ ಮಾರಾಯ!”

ಬೋರಣ್ಣ ಗೇಟಿನ ಚಿಲಕ ತೆಗೆದು ಅಲ್ಲೇ ನಿಂತ. ಅವನು ಸಿಟ್ಟಾಗಿರಲಿಲ್ಲ. ಒಂದು ಲೆಕ್ಕ ಅರ್ಥವಾಗದವರಿಗೆ ಬಿಡಿಸಿ ಹೇಳುವವನ ಹಾಗೆ ಮೆಲ್ಲಗೆ ಹೇಳಿದ.

“ಅವತ್ತು ಹೇಳಿದ್ರೆ ನನಗೋಸ್ಕರ ಹೇಳಿದಂಗೆ ಆಗ್ತಿತ್ತು ಅಮ್ಮಾರೆ. ಇವತ್ತು ಹೇಳಿದ್ದು ನಿಮಗೆ ನಿದ್ದಿ ಬರಲಿ ಅಂತ. ಬರಲಿ, ಅದೂ ಬೇಕು. ಆದ್ರೆ ನಾಳೆ ಇನ್ನೊಂದೇನರ ಆದಾಗ ನಾನು ಮತ್ತೆ ನಿಮ್ಮ ಮುಖ ನೋಡಬೇಕಲ್ಲ? ಅದು ನನ್ನ ಕೈಲಿ ಆಗಲ್ಲ.”

ಆಗಲ್ಲ ಎನ್ನುವ ಮಾತನ್ನು ಅವನು ಎಷ್ಟು ಸಲೀಸಾಗಿ ಆಡಿದ ಎಂದು ಅವಳಿಗನಿಸಿತು. ಹಾಗೆ ಆಡಲು ಬಾರದೆ ತಾನು ಇಷ್ಟೆಲ್ಲ ಮಾಡಿಕೊಂಡಿದ್ದಳು.

“ನಾಳೆ ಬರ್ತಾರೆ ಬಿಡ್ರಿ, ಸಿಟ್ಟು ಇಳೀಲಿ,” ಎಂದ ಶಬ್ಬೀರ್ ಹಿಂದಿನಿಂದ. ಅವನ ದನಿಯಲ್ಲೇ ನಂಬಿಕೆ ಇರಲಿಲ್ಲ.

ಉಕ್ಕಡಗಾತ್ರಿಯ ಕಡೆಯಿಂದ ಬಸ್ಸು ಬಂತು. ಬೋರಣ್ಣ ಕೈ ಅಡ್ಡ ಮಾಡಲಿಲ್ಲ. ಬಸ್ಸು ಎಬ್ಬಿಸಿದ ಧೂಳು ಕೂರುವವರೆಗೆ ರಸ್ತೆಯ ಬದಿಯಲ್ಲಿ ನಿಂತು, ಆಮೇಲೆ ಹರಿಹರದ ಕಡೆ ನಡೆದುಕೊಂಡು ಹೋದ.

ಅವಳು ಹೇಳಿದಂತೆ ಅವನ ಮನೆಗೆ ಹೋದಳು. ಶಬ್ಬೀರ್ ಬೀದಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ತಪ್ಪೊಪ್ಪಿಕೊಂಡ. ಭೀಮವ್ವ ಚಾಪೆ ಹಾಸಿ ನೀರು ಕೊಟ್ಟಳು, ದಿಲ್ಷಾದಳ ಮನೆಯಿಂದ ರವಿಕೆ ತರುತ್ತೇನೆ ಎಂದಳು. ಬೋರಣ್ಣ ಹಿತ್ತಿಲಲ್ಲಿದ್ದವನು ಎದ್ದು ಬಂದು ನಮಸ್ಕಾರ ಮಾಡಿದ. ಆದರೆ ಶೆಡ್ಡಿಗೆ ಅವನು ಮತ್ತೆ ಬರಲಿಲ್ಲ.